ಖಾಲಿ ಇಲ್ಲದ ಜಾಗ

ವಿದ್ಯಾನಗರ, ಹುಬ್ಬಳ್ಳಿ
ಆಗಸ್ಟ್ ೧೧, ಶುಕ್ರವಾರ

ನನ್ನ ಅವ್ವಗ ಭಾಗ್ಯಾ ಮಾಡುವ ಶರಣು ಶರಣಾರ್ಥಿ.

ಫೋನ್ ಬಿಟ್ಟು ಪತ್ರ ಯಾಕ ಅಂತ ಗಾಬರಿ ಆಗಬ್ಯಾಡ. ನನಗ ಜ್ವರ ಬಂದಿಲ್ಲ. ಫೋನ್ ಅಪ್ಪನ ಕಿಸೇದಾಗ ಇರ್ತದ, ನಾ ಮಾತಾಡಿದ್ರ ಸ್ಪೀಕರ್ ಹಚ್ತಾನ. ಇದು ನಿನಗಷ್ಟ ಹೇಳೂ ಮಾತು. ಅರಿವಿ ಖರೀದಿಗೆ ಬಂದ ಆರತಿ ಅತ್ತಿ ಕೈಯಾಗ ಕಳಸಾಕತ್ತೇನಿ. ಐದನೇತ್ತಾದಿಂದ ಇಂಗ್ಲೀಷ್ ಸಾಲಿ ಹಾಸ್ಟೆಲ್ಲಿನ್ಯಾಗ ಬೆಳದಾಕಿ ನಾ, ನನ್ನ ಕನ್ನಡ ಹೆಂಗಿದ್ರೂ ನಗಬ್ಯಾಡ.

ಸೋಮವಾರ ನೀ ಇಲ್ಲಿಗೆ ಬಂದು ನಮ್ಮ ಹಾಸ್ಟೆಲ್ ಅಡಿಗಿ ಕೆಲಸಕ್ಕ ಸೇರಬೇಕಂತ ಅಪ್ಪ ಹೇಳಿದ. ಎಲೆಕ್ಷನ್‌ದಾಗ ಎಮ್ಮೆಲ್ಲೆ ಸಾಹೇಬ್ರ ಬೆನ್ನ ಹತ್ತಿ ಬಿಸಲಾಗ ತಿರುಗಿದ್ದಕ್ಕ ಅವರು ಶಿಫಾರಸು ಪತ್ರ ಕೊಟ್ಟಾರ, ಜಾಗ ಖಾಲಿ ಐತಿ, ಅವ್ವ-ಮಗಳು ಇನ್ನ ಒಂದ ಕಡೆ ಇರ್ರಿ ಅಂದ. ಅವ್ವಾ, ಖರೇ ಹೇಳ್ತೇನಿ, ಫೋನ್ ಇಟ್ಟು ಬಾತ್‌ರೂಮಿಗೆ ಹೋಗಿ ಅತ್ತೆ. ಖುಷಿಗೆ. ಸಣ್ಣಾಕಿ ಇದ್ದಾಗಿಂದ ನೀ ನನಗ ಸಾಲಿ ಸೂಟ್ಯಾಗಷ್ಟ ಸಿಗೂ ಅವ್ವ.

ಈಗ ಕ್ಲಾಸಿನ ಸುದ್ದಿ ಸ್ವಲ್ಪ ಹೇಳಬೇಕು, ಬ್ಯಾಸರ ಮಾಡ್ಕೋಬ್ಯಾಡ. ಹಿಸ್ಟರಿ ಹೇಳೂ ಸಿದ್ದಲಿಂಗಪ್ಪ ಸರ್ ನೂರು ವರ್ಷದ ಹಿಂದಿನ ಅಮೆರಿಕಾದ ಪತ್ರಗಳ ಝೆರಾಕ್ಸ್ ಕೊಟ್ಟು ಓದಸಾಕತ್ತಾರ. ಅಲ್ಲಿ ಆಗ ಒಂದು ಪಕ್ಷ ಗೆದ್ರ ಹಳ್ಳಿಹಳ್ಳಿ ಪೋಸ್ಟ್‌ಮಾಸ್ತರನ್ನ ಬದಲಿ ಮಾಡ್ತಿದ್ರಂತ. ಗೆಲ್ಲಿಸಿದವರು ದಿಲ್ಲಿಗೆ, ಅಲ್ಲಲ್ಲ, ವಾಷಿಂಗ್ಟನ್ನಿಗೆ ಬರೀತಿದ್ರು: ನಾ ಇಷ್ಟು ಓಟು ಹಾಕ್ಸೇನಿ, ನನಗ ಆ ಪೋಸ್ಟಾಫೀಸು ಕೊಡ್ರಿ ಅಂತ. ಹಿಂದಿನ ಬೆಂಚಿನ ಇಸ್ತಿಯಾಕ, ಸರ್, ಇದು ಅಮೆರಿಕಾನೋ ನಮ್ಮ ತಾಲೂಕೋ ಅಂದ. ಪರೀಕ್ಷಾದಾಗ ಅಮೆರಿಕಾ ಅಂತನ ಬರಿಯಪಾ, ಇಲ್ಲಾಂದ್ರ ನನ್ನ ಟ್ರಾನ್ಸ್‌ಫರ್ ಆಗ್ತದ ಅಂದ್ರು ಸರ್. ಎಲ್ಲಾರೂ ನಕ್ರು. ನಾನೂ ನಕ್ಕೆ.

ನನ್ನ ಪಾಲಿಗೆ ಬಂದ ಪತ್ರದಾಗ ಒಬ್ಬಾಂವ, ವಿಧವಿ ಒಬ್ಬಾಕಿ ನಡಸೂ ಪೋಸ್ಟಾಫೀಸು ಕೇಳಿದ್ದ. ಆಕೀ ತಪ್ಪೇನಂದ್ರ, ಆಕೀ ಮಗ ಎದುರು ಪಕ್ಷದ ಮೆರವಣಿಗ್ಯಾಗ ಡೋಲು ಬಾರಿಸಿದ್ದ. ಮ್ಯಾಲ ಯಾರೋ ಪೆನ್ಸಿಲ್ಲಿಂದ ‘ಮಾಡಿಕೊಡ್ರಿ’ ಅನ್ನೂ ಅರ್ಥದಾಗ ಒಂದು ಮಾತು ಗೀಚಿದ್ರು. ಆ ಹೆಣ್ಮಗಳು ಏನಂದ್ಲು ಅಂತ ಇಡೀ ಕಟ್ಟು ಹುಡಕಿದೆ. ಆಕೀದೊಂದು ಪತ್ರಾನೂ ಇಲ್ಲ.

ಅವತ್ತ ಸಂಜಿಗೆ ಅಪ್ಪ ಸಾಹೇಬ್ರ ಪತ್ರದ ಫೋಟೋ ಕಳಿಸಿದ. ಇಂಗ್ಲೀಷಿನ್ಯಾಗ ಐತಿ, ಓದಿ ಹೇಳವಾ ಅಂದ. ಜಾಗ ಖಾಲಿ ಇಲ್ಲ ಅವ್ವಾ. ಈಗ ಅಡಿಗಿ ಮಾಡೂ ಮಕ್ತುಮಬಿಯನ್ನ ತಗದು ಶರಣವ್ವನ್ನ, ಅಂದ್ರ ನಿನ್ನ, ತಗೋರಿ ಅಂತ ಐತಿ. ಕಾರಣ, ಆಕೀ ಮಗ ಶಾಬುದ್ದೀನ ಎದುರಿನವರ ಪ್ರಚಾರಕ್ಕ ಆಟೋದಾಗ ಮೈಕ್ ಕಟ್ಟಿದ್ದ. ಬಾಡಿಗಿ ಆಟೋ ಅವ್ವಾ, ಯಾರು ಕರದ್ರೂ ಹೋಗ್ತಾನ. ನಮ್ಮ ಕಾಲೇಜ ಗಣಪತಿಗೂ ಅವಂದ ಮೈಕ್.

ಅಪ್ಪಗ ಇದು ಗೊತ್ತಿತ್ತೋ ಇಲ್ಲೋ, ಕೇಳಾಕ ಧೈರ್ಯ ಆಗಲಿಲ್ಲ. ಛಲೋ ಬರದಾರ ಅಂದುಬಿಟ್ಟೆ.

ಮಕ್ತುಮಬಿಗೆ ನಾ ಮೌಶಿ ಅಂತೇನಿ, ನಿನ್ನ ತಂಗಿ ಇದ್ದಂಗ. ಮೊದಲನೇ ವಾರ ಮೆಸ್ಸಿನ್ಯಾಗ ಅಷ್ಟು ಗುರುತಿಲ್ಲದ ಮಂದಿ ನಡುವ ಕೂತು ಉಣ್ಣಾಕ ಆಗದ, ತಾಟು ಹಿಡಕೊಂಡು ಅಡಿಗಿಮನಿ ಬಾಗಲದಾಗ ನಿಂತಿದ್ದೆ. ನಮ್ಮ ಕಡೆ ಇಂಗ್ಲೀಷ್ ಅನ್ನ ಇಲ್ಲವಾ, ಕನ್ನಡ ಅನ್ನನ ಉಣ್ಣು ಅಂತ ನಗಿಸಿ ಬಾಜೂಕ ಕುಂಡ್ರಿಸಿಕೊಂಡ್ಲು. ಅವತ್ತಿಂದ ನಾ ಅಲ್ಲೇ ಉಣ್ಣೂದು. ರೂಮಿನವರೆಲ್ಲ ಕಿವಿಯಾಗ ಇಯರ್‌ಫೋನ್ ಹಾಕ್ಕೊಂಡಿರ್ತಾರ. ಇಡೀ ದಿನದಾಗ ನನ್ನ ಹೆಸರು ಹಿಡದು ಕರಿಯೂದು ಆಕಿ ಒಬ್ಬಾಕಿನ. ಆಕಿಗೆ ಇದೇನೂ ಗೊತ್ತಿಲ್ಲ. ನಿನ್ನಿ ಮುಂದಿನ ವಾರದ ಅಕ್ಕಿ ಆರಿಸಾಕತ್ತಿದ್ಲು.

ಅಪ್ಪ ಏನಂತಾನ ಗೊತ್ತೈತಿ. ಹುಚ್ಚಿ, ನಿಮ್ಮವ್ವ ಬರಲಿಲ್ಲಂದ್ರ ಇನ್ನೊಬ್ಬಾಕಿ ಬರ್ತಾಳ, ಈಗಿನಾಕೀ ಕೆಲಸ ಹೆಂಗೂ ಉಳಿಯಂಗಿಲ್ಲ ಅಂತಾನ. ಖರೇ ಇರಬಹುದು. ಆದ್ರ ಆ ಸೌಟು ನಿನ್ನ ಕೈಯಾಗ ಇದ್ರ ನಾ ತಾಟು ಹೆಂಗ ಮುಂದ ಹಿಡೀಲಿ? ಇದನ್ನ ಓದಿದ ಮ್ಯಾಲ ನೀ ಬರಂಗಿಲ್ಲ. ನೀ ಅಂಥಾಕೀನ, ಅದು ನನಗ ಗೊತ್ತಿದ್ದದ್ದಕ್ಕ ಬರದು ಹರದು, ಬರದು ಹರದು ಮಾಡಿದೆ.

ನಾ ಆರಾಮ ಇದ್ದೇನಿ. ಚಿಂತಿ ಮಾಡಬ್ಯಾಡ.

ನಿನ್ನ ಮಗಳು, ದೀಪಾವಳಿ ಸೂಟಿಗೆ ಬರಾಕಿ,
ಭಾಗ್ಯಾ

ತಾ.ಕ.: ಕಪಾಟಿನ ಕೆಳಗಿನ ಖಾನೆ ನಿನ್ನ ಸೀರಿಗಂತ ಖಾಲಿ ಮಾಡಿದ್ದೆ. ನನ್ನ ಅರಿವಿ ಇನ್ನೂ ವಾಪಸ್ ಇಟ್ಟಿಲ್ಲ. ಮೌಶಿ ನೋಡಿ, ಯಾರಿಗವಾ ಇದು ಅಂದ್ಲು. ನಮ್ಮವ್ವ ಬರ್ತಾಳ ಅಂತ ಬಾಯಿ ತಪ್ಪಿ ಅಂದುಬಿಟ್ಟೆ. ಬರ್ಲಿ ಬರ್ಲಿ, ಅವತ್ತ ಆಕಿಗೆ ನಾ ಗೋಧಿ ಹುಗ್ಗಿ ಮಾಡ್ತೇನಿ ಅಂದ್ಲು. ಗೋಧಿ ನೆನಿಯಾಕ ಹಾಕಬೇಕು, ಯಾವತ್ತ ಬರ್ತಾಳ ಅಂತ ಇವತ್ತೂ ಕೇಳಿದ್ಲು. ಏನಂತ ಹೇಳ್ಲಿ ಅವ್ವಾ?