ಹುಟ್ಟುವಾಗಲೇ ಗೆರೆ ಬಿದ್ದ ಬೆಲೆ

ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಮುಂದಿರುವ ಬಟ್ಟೆ ಅಂಗಡಿಯ ಮೊಕದ್ದಮೆಗಳಲ್ಲಿ ಕೊನೆಗೂ ಕಳ್ಳರು ಸಿಕ್ಕಿದ್ದಾರಂತೆ. ಅಭಿನಂದನೆಗಳು. ಆ ಕಳ್ಳರಲ್ಲಿ ನಾನೂ ಒಬ್ಬಳು. ಬೀದರ, ಭಾಲ್ಕಿ, ಔರಾದ ಮೂರೂ ಕಡೆ ಮಳಿಗೆ ತೆರೆದಿರುವ ಆ ಅಂಗಡಿಯ ಬಟ್ಟೆಗಳಿಗೆ ಬೆಲೆಚೀಟಿ ಕಟ್ಟುವವರು ಬೀದರಿನ ಚಿದ್ರಿಯ ನಮ್ಮ ಓಣಿಯ ಹೆಂಗಸರು. ಸುಳ್ಳು ರಿಯಾಯಿತಿ ತೋರಿಸಿ ಮೋಸ ಮಾಡಿದ್ದಾರೆಂದು ಗ್ರಾಹಕರು ದಾವೆ ಹೂಡಿದರೆ, ಅಂಗಡಿಯವರು ಕೊಟ್ಟ ಉತ್ತರ ಒಂದೇ: ಮನೆಯಲ್ಲಿ ಕೂತು ಚೀಟಿ ಕಟ್ಟುವ ಹೆಂಗಸರು ತಪ್ಪು ಚೀಟಿ ಕಟ್ಟಿದ್ದಾರೆ!

ಆ ಚೀಟಿಯನ್ನು ನೀವು ಎಂದಾದರೂ ಕೈಯಲ್ಲಿ ಹಿಡಿದು ನೋಡಿದ್ದೀರಾ? ಮೇಲೆ ೨,೪೯೯ ರೂಪಾಯಿ, ಅದರ ಮೇಲೊಂದು ಕೆಂಪು ಗೆರೆ, ಕೆಳಗೆ ೬೯೯. ಆ ಗೆರೆಯನ್ನು ಯಾರೋ ಪೆನ್ನು ಹಿಡಿದು ಎಳೆದದ್ದಲ್ಲ. ಅದೂ ಅಚ್ಚಿನಲ್ಲೇ ಬಂದದ್ದು. ಬಟ್ಟೆಯ ಗಂಟೂ ಚೀಟಿಯ ಕಟ್ಟೂ ಒಂದೇ ಆಟೋದಲ್ಲಿ ನಮ್ಮ ಮನೆಗೆ ಬರುತ್ತವೆ. ನಾವು ಕಟ್ಟಿದ ಮೇಲೆಯೇ ಬಟ್ಟೆ ಮಳಿಗೆಗೆ ಹೋಗುತ್ತದೆ. ಹಾಗಾದರೆ ಅದು ೨,೪೯೯ಕ್ಕೆ ಮಾರಾಟವಾದದ್ದು ಯಾವ ದಿನ, ಯಾವ ಊರಲ್ಲಿ, ಯಾವ ಪುಣ್ಯಾತ್ಮರಿಗೆ?

ಇದೆಲ್ಲ ಗೊತ್ತಿದ್ದೂ ನಾನೇ ಮೋಸಹೋದೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ರಂಜಾನಿನಲ್ಲಿ ಮಗಳು ಮುಸರ್ರತಳಿಗೆಂದು ಆ ಮಳಿಗೆಗೆ ಹೋಗಿ, ನೂಕುನುಗ್ಗಲಿನಲ್ಲಿ ಕೈ ಚಾಚಿ ಒಂದು ಜೋಡಿ ಬಟ್ಟೆ ಎಳೆದುಕೊಂಡೆ. ಸಾವಿರದ ಎಂಟುನೂರು ಉಳಿಯಿತೆಂದು ದಾರಿಯುದ್ದಕ್ಕೂ ಹಿಗ್ಗಿದೆ. ಮನೆಗೆ ಬಂದು ಚೀಟಿಯ ದಾರ ಬಿಚ್ಚಲು ಹೋದರೆ ಅದು ನನ್ನದೇ ಗಂಟು. ಊರಿಗೆ ಹೊರಟವರ ತೋಳಿಗೆ, ದೇವರು ಕಾಪಾಡಲೆಂದು, ನಾಣ್ಯವಿಟ್ಟು ಇಮಾಮ್ ಜಾಮಿನ್ ಕಟ್ಟುತ್ತೇವಲ್ಲ, ಆ ಗಂಟು. ಎರಡು ಸುತ್ತು, ಒಂದು ಒಳಗಂಟು. ಅಮ್ಮ ಕಲಿಸಿದ್ದು. ಓಣಿಯಲ್ಲಿ ಬೇರೆ ಯಾರೂ ಹಾಗೆ ಕಟ್ಟುವುದಿಲ್ಲ.

ಕೆಲವು ದಿನಗಳ ನಂತರ ಹೆಲೆನ ಟೀಚರ್ ಅದೇ ಅಂಗಡಿಯ ಒಂದು ಕುರ್ತಾದ ತೋಳು ಚಿಕ್ಕದು ಮಾಡಿಸಲು, ಹೊಲಿಗೆಯನ್ನೂ ಮಾಡುವ ನನ್ನಲ್ಲಿಗೆ ಬಂದರು. ನಾನು ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದು ಅವರು ಸಾಲೆಯಲ್ಲಿ ಕಿವಿ ಹಿಂಡಿ ಕಲಿಸಿದ್ದರಿಂದ. ಅವರ ಕುರ್ತಾದಲ್ಲೂ ನನ್ನ ಗಂಟೇ ಇತ್ತು. ಬಾಯಿ ತಡೆಯಲಾಗಲಿಲ್ಲ.

"ಟೀಚರ್, ಈ ಚೀಟಿ ನಾನೇ ಕಟ್ಟೀನ್ರಿ. ಎರಡೂ ರೇಟ್ ಒಮ್ಮೆನೇ ಅಚ್ಚಾಗಿ ಬಂದಾವ್ರಿ."

"ಹಂಗಾದ್ರ ಇದು ಸುಳ್ಳು ಅದ, ಅತಿಯಾ. ನಾ ಸುಮ್ನ ಕೂಡಂಗಿಲ್ಲ," ಎಂದರು. ಕೂಡಲೂ ಇಲ್ಲ. ಮೊದಲ ದೂರು ಅವರದೇ. ಅವರ ಹಿಂದೆ ಭಾಲ್ಕಿಯವರೂ ಔರಾದದವರೂ ದಾವೆ ಹೂಡಿದರು.

ಕಳೆದ ಮಂಗಳವಾರ ಅಂಗಡಿಯ ಮ್ಯಾನೇಜರ್ ಸುಶೀಲಕುಮಾರ ಅವರು ಟೈಪು ಮಾಡಿಸಿದ ಕಾಗದ ಹಿಡಿದು ಬಂದರು. 'ನಮ್ಮ ಅಜಾಗರೂಕತೆಯಿಂದ ತಪ್ಪು ಚೀಟಿ ಕಟ್ಟಿದ್ದೇವೆ' ಎಂದು ಅದರಲ್ಲಿತ್ತು. ಪಕ್ಕದ ಮನೆಯ ವಜೀರಬೀ ಆಗಲೇ ಹೆಬ್ಬೆಟ್ಟು ಒತ್ತಿದ್ದರು. ಓದಲು ಬಾರದ ಆ ಮುದುಕಿಗೆ ಅದು ಕೂಲಿ ಹೆಚ್ಚಿಸುವ ಕಾಗದ ಎಂದು ಹೇಳಿದ್ದರಂತೆ.

ನಾನು ಓದಿದೆ. ಸುಶೀಲಕುಮಾರ ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಅವಸರ ಇಲ್ರಿ ಬಾಯಿ, ಶುಕ್ರವಾರ ಬರ್ತೇನಿ," ಎಂದರು. "ನೀವು ಸಹಿ ಮಾಡದಿದ್ರ ಓಣಿ ತುಂಬ ಕೆಲಸ ನಿಂದರ್ತದ. ಮತ್ತ ಆ ಗಂಟು ಯಾರ್ದು ಅಂತ ನಮ್ಮ ವಕೀಲರು ಕೇಳೇ ಕೇಳ್ತಾರ. ನಿಮ್ಮದೊಂದೇ ಬ್ಯಾರೆ ಅದ ಅಂತಲ್ರಿ?"

ಅಂದಿನಿಂದ ಓಣಿಯ ಹೆಂಗಸರು ನನ್ನ ಮನೆಯ ಮುಂದೆ ನಿಲ್ಲುವುದಿಲ್ಲ. ನನ್ನ ಗಂಟಿನ ವಿಷಯ ಸುಶೀಲಕುಮಾರ ಅವರಿಗೆ ಹೇಳಿದ್ದು ಇವರಲ್ಲೇ ಯಾರೋ. ನಾನು ಅವರನ್ನು ಬೈಯಲಾರೆ, ಅವರ ಒಲೆಯೂ ಉರಿಯಬೇಕು. ಆದರೆ ನಾನು ಸಹಿ ಮಾಡಿದರೆ ಸೋಮವಾರದ ವಿಚಾರಣೆಯಲ್ಲಿ ನನಗೆ ಅಕ್ಷರ ಕಲಿಸಿದ ಟೀಚರ್ ಸುಳ್ಳುಗಾರ್ತಿಯಾಗುತ್ತಾರೆ. ಅದೂ ನನ್ನ ಅಕ್ಷರದಿಂದಲೇ.

ಇನ್ನೊಂದು ಮಾತು. ನಿನ್ನೆ ಆಟೋ ಮತ್ತೆ ಬಂತು. ಇನ್ನೂ ಸೆಪ್ಟೆಂಬರ್ ತಿಂಗಳು. ಇಳಿಸಿಹೋದದ್ದು ಚೀಟಿಯ ಕಟ್ಟುಗಳನ್ನು ಮಾತ್ರ: 'ಕ್ರಿಸ್‌ಮಸ್ ಕೊಡುಗೆ', ೩,೯೯೯, ಕೆಂಪು ಗೆರೆ, ೯೯೯. ಬಟ್ಟೆ ಎಲ್ಲಿ ಎಂದು ಕೇಳಿದೆ. "ಬಟ್ಟಿ ಇನ್ನಾ ಹೊಲ್ದೇ ಇಲ್ರಿ," ಎಂದ ಆಟೋದವ.

ಮಾನ್ಯರೇ, ನನ್ನ ಬೇಡಿಕೆ ದೊಡ್ಡದಲ್ಲ. ಶುಕ್ರವಾರದೊಳಗೆ ನನ್ನನ್ನು ಸಾಕ್ಷಿಯಾಗಿ ಕರೆಸಿ. ವಜೀರಬೀಯ ಹೆಬ್ಬೆಟ್ಟು ಹೇಗೆ ಬಿತ್ತೆಂದು ಅವರನ್ನೇ ಕೇಳಿ. ಚೀಟಿ ಅಚ್ಚು ಹಾಕಲು ಯಾರು, ಯಾವ ದಿನ ಹೇಳಿದರೆಂದು ಮುದ್ರಣಾಲಯದಿಂದ ದಾಖಲೆ ತರಿಸಿ ನೋಡಿ. ಈ ಪತ್ರಕ್ಕೆ ಕ್ರಿಸ್‌ಮಸ್ ಚೀಟಿಯೊಂದನ್ನು ಕಟ್ಟಿದ್ದೇನೆ. ಎರಡು ಸುತ್ತು, ಒಂದು ಒಳಗಂಟು. ಅದು ಯಾರದೆಂದು ವಕೀಲರು ಹುಡುಕಬೇಕಾಗಿಲ್ಲ.

ಇಂತಿ,
ಗಂಟು ತನ್ನದೆಂದೂ ಗೆರೆ ತನ್ನದಲ್ಲವೆಂದೂ ಒಪ್ಪಿಕೊಳ್ಳುವ,
ಚಿದ್ರಿಯ ಅತಿಯಾ