ಅತ್ತೆಯ ಎರಡು ಕಣ್ಣಿನ ಕ್ಯಾಮೆರಾ

ಪ್ರೀತಿಯ ಅತ್ತೆ,

ನಿನ್ನ ಕ್ಯಾಮೆರಾ ರಿಪೇರಿಯಾಯಿತು. ಇದನ್ನು ಮೊದಲು ನಿನಗೇ ಹೇಳಬೇಕಿತ್ತು, ಆದರೆ ನೀನು ಹೋಗಿ ಎರಡು ವರ್ಷವಾಯಿತು. ಆದರೂ ಬರೆಯುತ್ತಿದ್ದೇನೆ. ನಾನು ಮಾಡಿದ ತಪ್ಪೊಂದು ಹನ್ನೆರಡು ವರ್ಷದಿಂದ ನಿನಗೆ ಹೇಳದೇ ಉಳಿದಿದೆ.

ಮೊಳಕಾಲ್ಮೂರಿನ ಮಗ್ಗದ ಮನೆಗಳಿಗೆ ನಿನ್ನ ಹಿಂದೆ ಬರುತ್ತಿದ್ದದ್ದು ನೆನಪಾಗುತ್ತದೆ. ಮಾವ ಬಿಟ್ಟುಹೋದ ಕ್ಯಾಮೆರಾ. ಮೇಲೊಂದು ಕಣ್ಣು, ಕೆಳಗೊಂದು ಕಣ್ಣು. ಹೆಣ್ಣುಮಕ್ಕಳನ್ನು ಸ್ಟುಡಿಯೋಗೆ ಕಳಿಸಲು ಒಲ್ಲದವರು, ಗಂಡಿನ ಕಡೆಯವರಿಗೆ ಕೊಡುವ ಫೋಟೋಕ್ಕೆ ನಿನ್ನನ್ನೇ ಕರೆಯುತ್ತಿದ್ದರು. "ಮೇಲಿನ ಕಣ್ಣು ನಮಗೆ, ಕೆಳಗಿಂದು ರೀಲಿಗೆ. ಟಕ್ ಅಂದ್ರೆ ಫೋಟೋ ಐತೆ, ಅನ್ಲಿಲ್ಲ ಅಂದ್ರೆ ಇಲ್ಲ" ಎನ್ನುತ್ತಿದ್ದೆ ನೀನು. ಆ ಸದ್ದು ಕೇಳಿಸಲೆಂದು ಪಕ್ಕದ ಮನೆಯ ಮಗ್ಗವನ್ನೂ ನಿಲ್ಲಿಸುತ್ತಿದ್ದೆಯಲ್ಲ, ಎಷ್ಟು ಜಬರದಸ್ತು ನಿನ್ನದು.

ನನ್ನ ಸರದಿ ಬಂದದ್ದು ಪಿಯುಸಿ ಮುಗಿದ ಬೇಸಿಗೆಯಲ್ಲಿ. ರಾಂಪುರದ ಸಂಬಂಧ. ನನಗೋ ಟೀಚರ್ ಟ್ರೈನಿಂಗಿನ ಆಸೆ. ಅಪ್ಪನೆದುರು ಬಾಯಿ ಬಿಡಲು ಧೈರ್ಯವಿರಲಿಲ್ಲ, ನಿನಗೆ ಮಾತ್ರ ಹೇಳಿದ್ದೆ. ನೀನು ಚಳ್ಳಕೆರೆಯ ನಮ್ಮ ಮನೆಗೆ ಬಂದಿಳಿದ ಸಂಜೆ, ನಾನು ಬತ್ತಿಯೊಂದನ್ನು ಶೇಂಗಾ ಎಣ್ಣೆಯಲ್ಲಿ ಅದ್ದಿ ಕ್ಯಾಮೆರಾದ ಕೆಳಗಿನ ಕಣ್ಣಿಗೆ ಬಿಟ್ಟೆ. ಅಪ್ಪ ಎಣ್ಣೆ ಮಿಲ್ಲಿನಲ್ಲಿದ್ದರಿಂದ ಹೊಲಿಗೆ ಮಷೀನು, ಸೈಕಲ್ ಚೈನು, ಎಲ್ಲದಕ್ಕೂ ನಮ್ಮಲ್ಲಿ ಅದೇ. ಒಂದು ಫೋಟೋ ಮಬ್ಬಾದರೆ ಸಾಕು, ಎಣ್ಣೆ ತಾನೇ, ಒರೆಸಿದರೆ ಹೋಗುತ್ತದೆ ಅಂದುಕೊಂಡಿದ್ದೆ.

ಮರುದಿನ ನೀನು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಎಂಟು ಸಲ ಗುಂಡಿ ಒತ್ತಿದೆ. "ಗದ್ದ ಎತ್ತೇ. ಅಷ್ಟೊಂದು ಹೆದರ್ಬ್ಯಾಡ." ವಾರ ಬಿಟ್ಟು ನೀನು ಅಪ್ಪನಿಗೆ ಹೇಳಿದೆ: "ರೀಲು ಕೆಟ್ಟೋಗೈತೆ ಕಣಣ್ಣ. ಕ್ಯಾಮೆರಾನೂ ಹಳೇದಾತು." ಬೇರೆ ಫೋಟೋ ತೆಗೆಸುವಷ್ಟರಲ್ಲಿ ರಾಂಪುರದವರು ಇನ್ನೊಂದು ಕಡೆ ಒಪ್ಪಿಕೊಂಡರು. ಟ್ರೈನಿಂಗಿಗೆ ಅಪ್ಪನನ್ನು ಒಪ್ಪಿಸಿದವಳೂ ನೀನೇ. ಆದರೆ ಆಮೇಲೆ ನೀನು ಯಾರ ಫೋಟೋವನ್ನೂ ತೆಗೆಯಲಿಲ್ಲ. ಕರೆಯಲು ಬಂದವರನ್ನು "ಪರವಾಲೇದು, ಈಗ ಸ್ಟುಡಿಯೋದೋರೇ ಮನೀಗೆ ಬರ್ತಾರೆ" ಎಂದು ಕಳಿಸುತ್ತಿದ್ದೆ. ನಿನ್ನ ಮನೆಗೆ ಬಂದಾಗಲೆಲ್ಲ ಮೊಳೆಗೆ ತೂಗುಬಿದ್ದ ಕ್ಯಾಮೆರಾದ ಆ ಚರ್ಮದ ಚೀಲದ ಕಡೆ ನಾನು ನೋಡುತ್ತಲೇ ಇರಲಿಲ್ಲ. ಅದನ್ನು ನನಗೇ ಕೊಡಬೇಕೆಂದು ಯಾಕೆ ಹೇಳಿ ಹೋದೆ ಅತ್ತೆ?

ಕಳೆದ ತಿಂಗಳು ವಾಚ್ ರಿಪೇರಿಯ ಖಾದರ್ ಸಾಬರ ಮುಂದೆ ಅದನ್ನಿಟ್ಟೆ. ಗಾಜು ಬಿಚ್ಚಿ, ತೆರೆದು ಮುಚ್ಚುವ ತೆಳು ತಗಡುಗಳನ್ನು ತೋರಿಸಿದರು. ಬೆಲ್ಲದ ಪಾಕ ಹಿಡಿದಂತೆ ಒಂದಕ್ಕೊಂದು ಅಂಟಿದ್ದವು. ಕೆರೆದು ಮೂಸಿ ನಕ್ಕರು. "ಶೇಂಗಾ ಎಣ್ಣೆ, ಬೇಟಿ. ನಮ್ಮೂರಿನ ಕಾಯಿಲೆ ಇದು. ಗಡಿಯಾರಕ್ಕೂ ಬಿಟ್ಕೊಂಡ್ ಬರ್ತಾರೆ." ನನಗೆ ನಗು ಬರಲಿಲ್ಲ. ನಾಲ್ಕು ದಿನ ಬಿಟ್ಟು ಹೋದಾಗ ತೊಳೆದು, ಒಣಗಿಸಿ, ಜೋಡಿಸಿಟ್ಟಿದ್ದರು. "ಒತ್ತಿ ನೋಡಮ್ಮ" ಅಂದರು.

ಟಕ್.

ಅಂಗಡಿಯ ತುಂಬ ಗಡಿಯಾರಗಳು ಓಡುತ್ತಿದ್ದವು, ಹೊರಗೆ ಬಸ್ಸಿನ ಹಾರನ್ನು. ಆದರೂ ಅದು ಸ್ಪಷ್ಟವಾಗಿ ಕೇಳಿಸಿತು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವತ್ತು ನಮ್ಮ ಪಡಸಾಲೆಯಲ್ಲಿ ಒಂದು ಸದ್ದೂ ಇರಲಿಲ್ಲ. ಎಂಟು ಸಲ ಒತ್ತಿದರೂ ಕ್ಯಾಮೆರಾ ಟಕ್ ಅನ್ನಲಿಲ್ಲ. ಅಪ್ಪ ಬಾಗಿಲಲ್ಲೇ ನಿಂತಿದ್ದರು. ಮಗ್ಗ ನಿಲ್ಲಿಸಿ ಕಿವಿಗೊಡುವ ನೀನು ಎಂಟು ಸಲವೂ "ಚೆನ್ನಾಗ್ ಬಂತು" ಅಂದೆಯಲ್ಲ.

ನಿನಗೆ ಗೊತ್ತಿತ್ತು. ರಿಪೇರಿಗೆ ಕೊಟ್ಟರೆ ಎಣ್ಣೆಯ ಮಾತು ಹೊರಬೀಳುತ್ತದೆಂದೇ ಹಾಗೇ ಬಿಟ್ಟೆಯಾ? ನಾನು ಓದಲೆಂದು ನಿನ್ನ ಕೆಲಸವನ್ನೇ... ಬರೆಯುತ್ತಾ ಅಳು ಬರುತ್ತಿದೆ ಅತ್ತೆ.

ಇನ್ನೊಂದು ಸುದ್ದಿ. ನಿನ್ನೆ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಕುರ್ಚಿ ಎಳೆದಿಟ್ಟು, "ಹಂಗಾರೆ ನಾನೇ ತೆಗೀತೀನಿ. ಕೂತ್ಕ" ಅಂದರು. ಅದೇ ಕುರ್ಚಿ. ಹುಡುಕಿ ತರಿಸಿದ್ದ ರೀಲು ಹಾಕಿಕೊಟ್ಟೆ. ಗದ್ದ ಎತ್ತಿ ಕೂತೆ. ಅಪ್ಪನ ಕಿವಿ ಈಗ ಮಂದ. ಗುಂಡಿ ಒತ್ತಿ, ತಲೆಯೆತ್ತಿ ಕೇಳಿದರು:

"ಟಕ್ ಅಂತೇನವ್ವಾ?"

"ಅಂತಪ್ಪಾ" ಅಂದೆ.

ನಿನ್ನ ಸೋದರಸೊಸೆ