ತಿಥಿಯೂಟಕ್ಕೆ ಬಂದವನ ಸುದ್ದಿ

ಚೌಡಮ್ಮನವರಿಗೆ, ಸಕಲೇಶಪುರದ ವರದಿಗಾರ ದಯಾನಂದ ಮಾಡುವ ನಮಸ್ಕಾರ.

ಇದನ್ನು ನಿಮ್ಮ ಮಗಳು ಚೈತ್ರಶ್ರೀ ಓದಿ ಹೇಳುತ್ತಾಳೆಂದುಕೊಂಡಿದ್ದೇನೆ. ಎದುರಿಗೆ ಹೇಳಬೇಕಾದ ಮಾತು, ಧೈರ್ಯವಾಗಲಿಲ್ಲ.

ಪೆಟ್ರೋಲ್ ಬಂಕಿಗೆ ನುಗ್ಗಿದ ಕಾಡುಕೋಣ, ಒಂದೇ ತೊಟ್ಟಿಗೆ ಕಚ್ಚಿದ ಎರಡು ಹಲಸು. ಜನ ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಕಳಿಸುವುದು ಇಂಥ ಸುದ್ದಿಯನ್ನೇ. ಹಾಗಾಗಿ ಹೊಂಗಡಹಳ್ಳದಿಂದ ಫೋನ್ ಬಂದಾಗ ಬೈಕ್ ಹತ್ತಿ ಓಡಿದೆ. ಎಡಕುಮೇರಿ ಹತ್ತಿರ ರೈಲು ಹಳಿಯ ಪಕ್ಕ ಮುಖ ಗುರುತು ಸಿಗದ ಶವವೊಂದು ಸಿಕ್ಕಿತ್ತು. ಜಗಳವಾಡಿ ಮನೆ ಬಿಟ್ಟಿದ್ದ ನಂಜುಂಡನದೇ ಎಂದು ಅವನ ಮನೆಯವರು ಅಂಗಿ, ಮೈಕಟ್ಟು ನೋಡಿ ನಂಬಿ, ತಂದು ತೋಟದಂಚಿನಲ್ಲಿ ಮಣ್ಣು ಮಾಡಿದ್ದರು. ಹನ್ನೊಂದನೆಯ ದಿನ ಎಲೆ ಹಾಕಿ ಬಡಿಸುತ್ತಿದ್ದಾಗ ನಂಜುಂಡ ಹೆಗಲಿಗೆ ಬ್ಯಾಗು ಹಾಕಿಕೊಂಡು ಅಂಗಳಕ್ಕೆ ನಡೆದು ಬಂದನಂತೆ! ನಾನು ಅಲ್ಲಿಗೆ ಮುಟ್ಟಿದಾಗಲೂ ನಗು ನಿಂತಿರಲಿಲ್ಲ. "ಏನ್ ಮಾರಾಯ, ನಿನ್ ತಿಥಿಗೆ ನೀನೇ ಬಂದ್ಬುಟ್ಯಲ್ಲ!" ಎಂದು ಯಾರೋ ಅಂದರು. ಅದನ್ನೇ ತಲೆಬರಹ ಮಾಡಿದೆ. ಎರಡು ದಿನದಲ್ಲಿ ಅದು ಮುಟ್ಟದ ಫೋನಿರಲಿಲ್ಲ.

ಮೂರನೆಯ ದಿನ ನೀವು ಕಚೇರಿಯ ಮೆಟ್ಟಿಲು ಹತ್ತಿ ಬಂದಿರಿ. "ಪಕ್ಕದ್ಮನೆ ರವಿ, ನೋಡಿ ನಗ್ರೀ ಅಂತ ಫೋನ್ ಕೊಟ್ಟ ಸಾರ್. ಅವ್ರ ಮಗ ಬಂದಿದ್ದು ಒಳ್ಳೇದಾಯ್ತು. ಹಂಗಾರೆ ಮಣ್ಣ್ ಮಾಡಿರೋದು ಯಾರ್ನ?"

ಅಷ್ಟೆಲ್ಲ ಬರೆದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಹೋಟೆಲ್ ಕೆಲಸಕ್ಕೆಂದು ಮಂಗಳೂರಿನ ರೈಲು ಹತ್ತಿದ ನಿಮ್ಮ ಮಗ ಲೋಹಿತ್ ಇಪ್ಪತ್ತು ದಿನದಿಂದ ಫೋನ್ ಮಾಡಿರಲಿಲ್ಲ.

ಆಮೇಲೆ ಠಾಣೆಗೆ ಅಲೆದದ್ದು, ಅಧಿಕಾರಿಗಳ ಎದುರು ಮಣ್ಣು ತೆಗೆದು ಮತ್ತೆ ಮುಚ್ಚಿದ್ದು, ತಾಳೆ ನೋಡಲು ನಿಮ್ಮ ರಕ್ತ ತೆಗೆದದ್ದು. ಎರಡು ತಿಂಗಳು, ಸಿಕ್ಕಾಗಲೆಲ್ಲ ನಿಮ್ಮದು ಒಂದೇ ಮಾತು: "ನಮ್ಮೋನಲ್ಲ ಅಂತ ಬರ್ಲಿ ಸಾರ್." ವರದಿ ಹಾಗೆ ಬರಲಿಲ್ಲ.

ಮಗನನ್ನು ಊರಿಗೆ ಒಯ್ಯುತ್ತೀರೆಂದು ಗಾಡಿ ಗೊತ್ತುಮಾಡಿದ್ದೆ. ಹೊಂಗಡಹಳ್ಳದಲ್ಲಿ ನಂಜುಂಡನ ತಾಯಿ ಗಂಗಾಮಣಿ ನಿಮ್ಮ ಕಾಲು ಹಿಡಿಯಲು ಬಗ್ಗಿದರು. "ತಿಳೀದೆ ಆಗೋಯ್ತು ಕಣವ್ವ" ಎಂದರು. ನೀವು ಅವರನ್ನು ಎತ್ತಿ, "ನಾನ್ ಅಳೋಕ್ ಮುಂಚೆನೇ ನನ್ ಮಗೀಗೆ ನೀನ್ ಅತ್ತಿದ್ದೀಯ. ಅವ್ನು ಇಲ್ಲೇ ಇರ್ಲಿ ಬುಡವ್ವ" ಎಂದಿರಿ. ಗಾಡಿಯವನು ಮುಖ ಆಚೆ ತಿರುಗಿಸಿಕೊಂಡ.

ಅದನ್ನೂ ಬರೆದು ಕಳಿಸಿದೆ. ಒಳಪುಟದಲ್ಲಿ ನಾಲ್ಕು ಸಾಲು ಬಂತು. ಯಾರೂ ಯಾರಿಗೂ ಕಳಿಸಲಿಲ್ಲ.

ನಿಮಗೆ ಹೇಳದೆ ಉಳಿಸಿಕೊಂಡದ್ದು ಇದು, ಅಮ್ಮ. ಆ ದಿನ ನಂಜುಂಡ ಬಂದ ಖುಷಿಗೆ ಎಲ್ಲರೂ ಮತ್ತೆ ಎಲೆಗೆ ಕೂತರು. ನಾನೂ ಕೂತೆ. ಎರಡು ಸಲ ಪಾಯಸ ಹಾಕಿಸಿಕೊಂಡೆ. ಕೂತಲ್ಲಿಂದ ಆ ಮಣ್ಣಿನ ಗುಪ್ಪೆ ಕಾಣುತ್ತಿತ್ತು. ಅದರ ಮೇಲೆ ಹೂವಿತ್ತು. ಇನ್ನು ಬೇಡದ ಹೂವು ಎಂದು ಯಾರೋ ತೆಗೆದು ಬೇಲಿಯಾಚೆ ಎಸೆದರು. ಎಸೆಯುವುದರ ಫೋಟೋವನ್ನು ನಾನು ಸುದ್ದಿಗೆಂದು ತೆಗೆದುಕೊಂಡೆ.

ಚೈತ್ರಶ್ರೀಗೆ ಒಳ್ಳೆಯದಾಗಲಿ. ನಿಮ್ಮ ಕಣ್ಣಿಗೆ ನಿದ್ದೆ ಬರಲಿ.

ನಿಮ್ಮೆದುರು ತಲೆಯೆತ್ತಲಾಗದ,
ದಯಾನಂದ